ಎರಡನೇ ಸೈನು

ಸತ್ಯವ್ವ ರೊಟ್ಟಿ ಸುಟ್ಟಳೆಂದರೆ ಗೋವಾದ ಝುವಾರಿನಗರದ ಆ ಓಣಿಗೆಲ್ಲ ಸುದ್ದಿಯಾಗುತ್ತದೆ. ಓಣಿಯ ಒಂಟಿ ಗಂಡಸರೆಲ್ಲ ಉಣ್ಣುವುದು ಅವಳ ಕೈಯ ಜೋಳದ ರೊಟ್ಟಿಯನ್ನೇ. ವಿಜಾಪುರ, ಬಾಗಲಕೋಟೆ ಕಡೆಯಿಂದ ಬಂದು ಕಾರ್ಖಾನೆಯಲ್ಲೋ ಬಂದರಿನಲ್ಲೋ ದುಡಿಯುವ ಅವರು ಬೆಳಗಿನ ಪಾಳಿಗೆ ಹೊರಡುವ ಮುಂಚೆ ಡಬ್ಬಿ ಹಿಡಿದು ಅವಳ ಬಾಗಿಲಿಗೆ ಬರುತ್ತಾರೆ. ಆ ಗುರುವಾರ ಅವರಿಗೆ ಸಿಕ್ಕಿದ್ದು ಒಂದು ಮಗ್ಗುಲು ಹಸಿ, ಇನ್ನೊಂದು ಮಗ್ಗುಲು ಕರಿ.

"ಯಾಕ ಸತ್ಯಕ್ಕ, ಒಲಿ ಮ್ಯಾಲೆ ಸಿಟ್ಟೇನು?" ಎಂದ ಅಮೀನಪ್ಪ, ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡುತ್ತ.

"ಒಲಿ ಮ್ಯಾಲಲ್ಲೋ ತಮ್ಮಾ, ಹಣಿಬಾರದ ಮ್ಯಾಲೆ. ತಿಂದು ನಡಿ."

ಅಮೀನಪ್ಪ ರೊಟ್ಟಿಯನ್ನು ಡಬ್ಬಿಗೆ ಹಾಕಿಕೊಂಡು ನಡೆದ. ಸತ್ಯವ್ವನ ಬಾಯಿಗೆ ಬೀಳುವುದಕ್ಕಿಂತ ಸುಟ್ಟ ರೊಟ್ಟಿಯೇ ವಾಸಿ ಎಂಬುದು ಓಣಿಗೆ ಗೊತ್ತಿದ್ದ ಮಾತು.

ಸಿಟ್ಟಿಗೆ ಕಾರಣವಿತ್ತು. ಹಿಂದಿನ ಸಂಜೆ ಲಾಲಪ್ಪ ಬಂದು ಹೇಳಿಹೋಗಿದ್ದ: ಬರುವ ರವಿವಾರ ಕೊರ್ತಾಲಿಮ್‌ನ ಬೀಗರು ಬಂದು ಮಂಗಲಾಳನ್ನು ಕರೆದುಕೊಂಡು ಹೋಗುತ್ತಾರೆ. ಮಂಗಲಾ ಸತ್ಯವ್ವನ ಒಬ್ಬಳೇ ಮಗಳು. ಆ ಮಗಳು ಹದಿನೈದು ದಿನದಿಂದ ಒಂದೇ ಮಾತು ಹಿಡಿದು ಕೂತಿದ್ದಳು: ಒಲ್ಲೆ.

ಲಾಲಪ್ಪ ಅವರ ಊರ ಕಡೆಯವನೇ, ಬಂದರಿನಲ್ಲಿ ಹಮಾಲರ ಗ್ಯಾಂಗಿನ ಮುಕಾದಮ. ಸತ್ಯವ್ವನ ಗಂಡ ಕಂಠೆಪ್ಪ ಅದೇ ಗ್ಯಾಂಗಿನಲ್ಲಿ ಮೂಟೆ ಹೊರುತ್ತಿದ್ದ. ಕೆಲಸ ಕೊಡಿಸುವುದು, ಬಾಡಿಗೆಗೆ ಖೋಲಿ ಹಿಡಿಸುವುದು, ಜಗಳ ಬಿಡಿಸುವುದು, ಹೆಣ್ಣು ಗಂಡು ಕೂಡಿಸುವುದು, ಎಲ್ಲಕ್ಕೂ ಆ ಜನಕ್ಕೆ ಲಾಲಪ್ಪನೇ. ಮಂಗಲಾಗೆ ಪರಶುವನ್ನು ನೋಡಿದವನೂ ಅವನೇ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ಲಾಲಪ್ಪ ಅಷ್ಟೇನೂ ಹೇಳಿರಲಿಲ್ಲ. ಹುಡುಗ ಟೆಂಪೊ ಓಡಿಸುತ್ತಾನೆ ಎಂದ, ಅದು ಖರೆ. ಸ್ವಂತ ಖೋಲಿ ಇದೆ ಎಂದ, ಅದೂ ಖರೆ. ಸ್ವಭಾವ ಬಂಗಾರ ಎಂದ. ಅದೊಂದು ಸುಳ್ಳು ಉಳಿದ ಎಲ್ಲ ಖರೆಯನ್ನೂ ನುಂಗಿ ನೀರು ಕುಡಿಯಿತು.

ಅಕ್ಕಿಕಾಳು ಹಾಕಿ ಲಗ್ನ ಮಾಡುವುದು ದೀಪಾವಳಿ ಮುಗಿದ ಮೇಲೆ ಊರಲ್ಲಿ ಎಂದು ಠರಾವಾಗಿತ್ತು. ಆದರೆ ಗೋವಾದಲ್ಲಿ ಇರುವವರಿಗೆ ಗೋವಾದ ಪದ್ಧತಿ ಬಿಡಲಾಗುವುದಿಲ್ಲ. ಇಲ್ಲಿ ಯಾವ ಜಾತಿಯವರಾಗಲಿ, ಮದುವೆಗೆ ಮುಂಚೆ ಸರ್ಕಾರಿ ಆಫೀಸಿಗೆ ಹೋಗಿ ರಜಿಸ್ಟ್ರಾರರ ಮುಂದೆ ಸಹಿ ಮಾಡುತ್ತಾರೆ. ಇಲ್ಲಿಯವರ ಬಾಯಲ್ಲಿ ಅದಕ್ಕೆ 'ಸೈನ್' ಎಂದೇ ಹೆಸರು. ಮಳೆಗಾಲ ಮುಗಿಯುವ ಹೊತ್ತಿಗೆ ಲಾಲಪ್ಪ ಎಲ್ಲರನ್ನೂ ವಾಸ್ಕೋಗೆ ಕರೆದುಕೊಂಡು ಹೋಗಿ ಸೈನ್ ಮಾಡಿಸಿದ. ಹೊರಗೆ ಬಂದು ಪೇಡೆ ಹಂಚಿ, "ಗೋವಾದಾಗ ಸೈನ್ ಆತಂದ್ರ ಲಗ್ನ ಆದಂಗ. ಅಕ್ಕಿಕಾಳು ಬರೇ ಶಾಸ್ತ್ರಕ್ಕ" ಎಂದ. ಎಲ್ಲರೂ ಹೌದೆಂದರು. ಸತ್ಯವ್ವನಂತೂ ಎರಡು ಪೇಡೆ ತಿಂದಳು.

ಪರಶು ಆ ಮಾತನ್ನು ಎಲ್ಲರಿಗಿಂತ ಹೆಚ್ಚು ನಂಬಿದ. ಮರುವಾರದಿಂದಲೇ ಗಂಡನಾದ. ಮಂಗಲಾ ವೆರ್ಣಾದಲ್ಲಿ ಔಷಧದ ಕಂಪನಿಯೊಂದರ ಪ್ಯಾಕಿಂಗ್‌ನಲ್ಲಿ ಕೆಲಸಕ್ಕಿದ್ದಳು. ಯಾವ ಬಸ್ಸಿಗೆ ಬಂದೆ, ಪಕ್ಕದಲ್ಲಿ ಯಾರು ಕೂತಿದ್ದರು, ಫೋನಿನಲ್ಲಿ ಯಾರ ನಂಬರಿದೆ ಎಂದು ದಿನಾ ವಿಚಾರಣೆ. ಒಂದು ಸಂಜೆ ಕಂಪನಿಯ ಗೇಟಿನ ಮುಂದೆ, ಜೊತೆಯ ಹುಡುಗಿಯರೆಲ್ಲ ನೋಡುತ್ತಿರುವಾಗ, ಬಸ್ಸಿನಿಂದ ಅವಳನ್ನು ರಟ್ಟೆ ಹಿಡಿದು ಇಳಿಸಿ ಕೆನ್ನೆಗೆ ಹೊಡೆದ. ಫೋನನ್ನು ರಸ್ತೆಗೆ ಎಸೆದ. ಸೆಕ್ಯೂರಿಟಿಯವನು ಅಡ್ಡ ಬಂದರೆ "ನನ್ನ ಹೇಂತಿ, ಸೈನ್ ಆಗೇತಿ, ನಿಂದೇನು?" ಎಂದ. ಸೆಕ್ಯೂರಿಟಿಯವನು ಗೇಟಿಗೆ ಮರಳಿದ. ಸೈನ್ ಎಂಬ ಮಾತಿಗೆ ಗೋವಾದಲ್ಲಿ ಅಷ್ಟು ತೂಕ.

ಅಂದಿನಿಂದ ಮಂಗಲಾ ಕೆಲಸಕ್ಕೆ ಹೋಗಿರಲಿಲ್ಲ, ಒಲ್ಲೆ ಎನ್ನುವುದನ್ನು ಬಿಟ್ಟಿರಲೂ ಇಲ್ಲ. ಬೀಗರು ಮಾತ್ರ ಅಕ್ಕಿಕಾಳಿನವರೆಗೂ ಕಾಯಲು ತಯಾರಿರಲಿಲ್ಲ.

"ಸೈನ್ ಆಗೇತಲ್ಲವ್ವಾ, ಏನ ಮಾಡೂದು?" ಎಂದು ಕಂಠೆಪ್ಪ ಬೀಡಿ ಹಚ್ಚಿದ. ಅವನು ಒಳ್ಳೆಯವನು. ಒಳ್ಳೆಯವನಾಗಿರುವುದರ ಹೊರತು ಬೇರೆ ಯಾವ ಕೆಲಸಕ್ಕೂ ಬಾರದವನು.

ರೊಟ್ಟಿ ಸುಟ್ಟ ಆ ಗುರುವಾರ ಸತ್ಯವ್ವ ಒಲೆ ಆರಿಸಿ, ಸೀರೆ ಬದಲಿಸಿ, ವಾಸ್ಕೋದ ಬಸ್ಸು ಹತ್ತಿದಳು. ಕೂತರೆ ನಿಲ್ಲಬೇಕೆನಿಸುತ್ತಿತ್ತು, ನಿಂತರೆ ಕೂರಬೇಕೆನಿಸುತ್ತಿತ್ತು. ಸರ್ಕಾರಿ ಆಫೀಸಿನ ಒಳಗೆ ಹೋಗುವ ಧೈರ್ಯ ಆಗಲಿಲ್ಲ. ಹೊರಗೆ ಮರದ ಕೆಳಗೆ ಅರ್ಜಿ ಬರೆದುಕೊಡುವ ಏಜೆಂಟನೊಬ್ಬ ಕೂತಿದ್ದ. ಅವನಿಗೆ ಹರಕು ಹಿಂದಿಯಲ್ಲಿ ವಿಷಯ ಹೇಳಿದಳು.

ಅವನು ಪೂರ್ತಿ ಕೇಳಲೂ ಇಲ್ಲ. ಸೈನ್ ಆಗಿದೆಯಾ? ಹಾಗಾದರೆ ಡೈವೋರ್ಸ್. ಕೋರ್ಟು, ವಕೀಲ, ವರ್ಷಗಟ್ಟಲೆ ತಿರುಗಾಟ. ವಕೀಲರು ತನಗೆ ಗೊತ್ತು, ಮುಂಗಡ ತಂದರೆ ಇವತ್ತೇ ಮಾತಾಡುತ್ತೇನೆ ಎಂದ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತು ಸುಳ್ಳಲ್ಲ. ಈ ಪೂಜಾರಿಯಂತೂ ದೇವರು ಏನು ಹೇಳಿದ್ದಾನೆಂದು ನೋಡುವ ಗೋಜಿಗೂ ಹೋಗಲಿಲ್ಲ.

ತಿರುಗಿ ಬರುವಾಗ ಸತ್ಯವ್ವ ಬಸ್ಸಿನಲ್ಲಿ ಲೆಕ್ಕ ಹಾಕಿದಳು. ಲಗ್ನದ ಊಟವನ್ನೇ ಉಣ್ಣದ ಹುಡುಗಿಗೆ ಡೈವೋರ್ಸ್ ಎಂಬ ಹೆಸರು ಹತ್ತುತ್ತದೆ. ಹತ್ತಿದ ಮೇಲೆ ಈ ಜನ್ಮಕ್ಕೆ ಹೋಗುವುದಿಲ್ಲ. ಹತ್ತಿಸಿಕೊಳ್ಳದಿದ್ದರೆ ರವಿವಾರ ಪರಶುವಿನ ಖೋಲಿ. ಅತ್ತ ದರಿ, ಇತ್ತ ಪುಲಿ.

ಮನೆಗೆ ಹೋಗಲು ಕಾಲು ಬಾರದೆ ಅವಳು ಅಖ್ತರಬಾನುವಿನ ಅಂಗಡಿಗೆ ನುಗ್ಗಿದಳು. ಅದು ಮುಂಚೆ ಎಸ್‌ಟಿಡಿ ಬೂತ್ ಆಗಿತ್ತು. ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ ಬೂತಿನ ಗಾಜಿನ ಡಬ್ಬಿಯಲ್ಲಿ ಬಾನು ಛತ್ರಿ, ಕಸಬರಿಗೆ ಇಟ್ಟು, ಎರಡು ಹಳೆಯ ಕಂಪ್ಯೂಟರ್, ಒಂದು ಝೆರಾಕ್ಸ್ ಮಶೀನು ಹಾಕಿದ್ದಳು. ಗಂಡ ರಿಕ್ಷಾ ಓಡಿಸುತ್ತಿದ್ದ. ಅಂಗಡಿ ಇವಳದೇ. ಇಂಡಿ ಕಡೆಯವಳು, ಸತ್ಯವ್ವನ ರೊಟ್ಟಿಯ ಹಳೆಯ ಗಿರಾಕಿ.

ಎಲ್ಲ ಕೇಳಿ ಬಾನು ಹೇಳಿದಳು, "ಅಕ್ಕಾ, ಆ ಏಜೆಂಟ ಹೇಳಿದ್ದು ಖರೆನೋ ಸುಳ್ಳೋ ನಾವ ನೋಡೂಣು. ಸರಕಾರದವರು ಕಾಯದೆ ಕಾನೂನು ಎಲ್ಲಾ ನೆಟ್‌ನ್ಯಾಗ ಹಾಕ್ಯಾರಂತ. ಯಾರ ಬೇಕಾದರೂ ಓದಬಹುದು. ಪುಕ್ಕಟೆ."

"ಸರಕಾರ ಅಂತಿ, ಪುಕ್ಕಟೆ ಅಂತಿ. ಒಂದ ಬಾಯಾಗ ಎರಡೂ ಹೆಂಗ ಬರತಾವ ನಿನಗ?"

"ನೀವು ಕುಂದರ್ರಿ ಮದಲ."

ಸತ್ಯವ್ವ ಕೂರಲಿಲ್ಲ. ಬಾನುವಿನ ಬೆನ್ನ ಹಿಂದೆ ನಿಂತು, ಅವಳು ಒಂದೊಂದೇ ಅಕ್ಷರ ಹುಡುಕಿ ಒತ್ತುವುದನ್ನು ನೋಡಿದಳು. ಗೋವಾ, ಮದುವೆ, ಕಾನೂನು ಎಂದು ಇಂಗ್ಲಿಷಿನಲ್ಲಿ ಬರೆದದ್ದಾಯಿತು. ಪರದೆ ಬೆಳ್ಳಗಾಗಿ ಬಹಳ ಹೊತ್ತು ಹಾಗೇ ಇತ್ತು. ಆಮೇಲೆ ಮೇಲಿನಿಂದ ಚೂರುಚೂರಾಗಿ ಒಂದು ಚಿತ್ರ ಇಳಿಯಿತು: ಸಮುದ್ರ, ಹೂವಿನ ಕಮಾನು, ಬಿಳಿ ಗೌನು ತೊಟ್ಟು ಬರಿಗಾಲಲ್ಲಿ ನಿಂತ ಹೆಣ್ಣು.

"ಯಾರಬೇ ಈಕಿ?"

"ಪರದೇಶದಾಕಿ. ಸಮುದ್ರದ ದಂಡಿಗೆ ಲಗ್ನ ಮಾಡಿಕೊಳ್ಳಾಕ ಗೋವಾಕ್ಕ ಬರತಾರ ಅವರು. ಹೋಟೆಲ್‌ದವರ ಜಾಹೀರಾತು ಇದು."

"ಯಾಕ, ಅವರ ಊರಾಗ ನೆಲಾ ತೀರೇತೇನು?"

ಒಂದಾದ ಮೇಲೆ ಒಂದು, ಎಲ್ಲ ಅಂಥವೇ. ವರ ಬೇಕೇ, ವಧು ಬೇಕೇ ಎಂದು ಕೇಳುವ ಕಿಟಕಿಗಳು ಬೇರೆ ತಾವಾಗಿಯೇ ತೆರೆದುಕೊಂಡು ಅಡ್ಡ ಬರುತ್ತಿದ್ದವು. ಬಾನು ಒಂದನ್ನು ಮುಚ್ಚಿದರೆ ಎರಡು ಹುಟ್ಟುತ್ತಿದ್ದವು. ಇದ್ದ ವರನನ್ನೇ ಕಳೆದುಕೊಳ್ಳಲು ಬಂದವಳಿಗೆ ಹೊಸ ವರರ ಸಾಲು. ಸತ್ಯವ್ವನಿಗೆ ತಲೆ ಚಿಟ್ಟು ಹಿಡಿಯಿತು. ಆಗ ಹೋಟೆಲಿನವರ ಒಂದು ಪುಟದ ಮೇಲೆ ಬಾನುವಿನ ಬೆರಳು ನಿಂತಿತು.

"ಅಕ್ಕಾ, ಇಲ್ಲಿ ಬರದಾರ, ಎರಡು ಸರ್ತಿ ಆಫೀಸಿಗೆ ಹೋಗಬೇಕಂತ. ಮದಲನೇ ಸೈನು, ಆಮ್ಯಾಲೆ ಎರಡನೇ ಸೈನು. ಎರಡನೇದು ಆದ ಮ್ಯಾಲೆ ಲಗ್ನ ಪಕ್ಕಾ ಅಂತ."

ಸತ್ಯವ್ವ ಪರದೆಗೆ ಬಗ್ಗಿದಳು. ಲಾಲಪ್ಪ ನಿನ್ನೆ ಬಂದವನು ಹೋಗುವಾಗ ಇನ್ನೊಂದು ಮಾತು ಹೇಳಿದ್ದು ನೆನಪಾಯಿತು. ಸೋಮವಾರ ಆಫೀಸಿಗೆ ಹೋಗಿ ಕಾಗದ ತರುವುದಿದೆ, ಅಲ್ಲೊಂದು ಸಣ್ಣ ಸಹಿ ಇರುತ್ತದೆ, ಅದಕ್ಕೇ ರವಿವಾರವೇ ಹುಡುಗಿಯನ್ನು ಕರೆದೊಯ್ಯುತ್ತೇವೆ ಎಂದಿದ್ದ. ಸಣ್ಣ ಸಹಿ!

ಆದರೆ ಅವಳು ಹಿಗ್ಗಿ ಹೀರೇಕಾಯಿ ಆಗುವವಳಲ್ಲ. "ಇದನ್ನ ಬರದವರು ಯಾರು? ಹೋಟೆಲ್‌ದವರಲ್ಲ? ನಾಳಿ ಲಾಲಪ್ಪನ ಮುಂದ ನಿಂತು ಹೋಟೆಲ್‌ದವರು ಹಿಂಗ ಅಂದಾರ ಅಂದ್ರ ಅವ ನಗತಾನ. ಸರಕಾರದ ಶಿಕ್ಕಾ ಇರೂದು ತಗಿ. ಶಿಕ್ಕಾ ಇಲ್ಲದ್ದು ನನಗ ಬ್ಯಾಡ."

ಬಾನು ಸರ್ಕಾರದ ವೆಬ್‌ಸೈಟಿನ ಹೆಸರು ಒತ್ತಿದಳು. ಪರದೆಯ ಮೂಲೆಯಲ್ಲಿ ಮರಳುಗಡಿಯಾರ ತಿರುಗಿತು. ತಿರುಗುತ್ತಲೇ ಇತ್ತು. ಇನ್ನೇನು ಬಂತು ಎನ್ನುವಾಗ ಫ್ಯಾನು ನಿಂತಿತು, ಲೈಟು ಹೋಯಿತು, ಕಂಪ್ಯೂಟರ್ ಗುಂಯ್ ಎಂದು ಕಣ್ಣು ಮುಚ್ಚಿತು. ಹೊರಗೆ ಯಾರೋ ವಿದ್ಯುತ್ ಇಲಾಖೆಯ ತಾಯಿಯನ್ನು ಬೈದರು. ಸತ್ಯವ್ವ ತಂದೆಯನ್ನೂ ಸೇರಿಸಿದಳು.

ಮರುದಿನ ಮಂಗಲಾಳನ್ನೂ ಎಳೆದುಕೊಂಡು ಬಂದಳು. ಮಂಗಲಾ ಹತ್ತನೆಯ ಇಯತ್ತೆ ಪಾಸಾದವಳು. ಕಂಪನಿಯಲ್ಲಿ ಡಬ್ಬಿಗಳ ಮೇಲಿನ ಇಂಗ್ಲಿಷು ಓದಿ ಓದಿ ಸ್ವಲ್ಪ ಅಭ್ಯಾಸವಿತ್ತು. ಹುಡುಗಿ ಬಡವಾಗಿದ್ದಳು. ಬಂದವಳೇ ಕುರ್ಚಿ ಹಿಡಿದು ಕೂತಳು. ಸತ್ಯವ್ವ ಮಾತ್ರ ಅಂಗಡಿಯೊಳಗೆ ಎರಡು ಹೆಜ್ಜೆ, ಹೊರಗೆ ನಾಲ್ಕು ಹೆಜ್ಜೆ.

"ಅಕ್ಕಾ, ಒಂದ ಕಡೆ ನಿಂದರ್ರಿ. ನೀವು ತಿರಗಾಡೂದು ನೋಡಿನ ನೆಟ್ ಸಾವಕಾಶ ಆಗೇತಿ," ಎಂದಳು ಬಾನು.

ಸರ್ಕಾರದ ಪುಟ ಅಂತೂ ಬಂತು. ಮೇಲೆ ಗೋವಾ ಸರ್ಕಾರದ ಶಿಕ್ಕಾ: ಎರಡು ಕೈಗಳ ನಡುವೆ ದೀಪ. ಸತ್ಯವ್ವ ಬಗ್ಗಿ ನೋಡಿ, ಅರಿಯದೆಯೇ ಸೆರಗು ಸರಿ ಮಾಡಿಕೊಂಡಳು. ಆಮೇಲೆ ಶುರುವಾಯಿತು ಅಸಲಿ ತಿರುಗಾಟ. ಇಲಾಖೆಗಳ ಸಾಲು. ಒಂದನ್ನು ಒತ್ತಿದರೆ ಮಂತ್ರಿಗಳ ಫೋಟೊ. ಇನ್ನೊಂದನ್ನು ಒತ್ತಿದರೆ ಪುಟ ಇನ್ನೂ ತಯಾರಾಗುತ್ತಿದೆ ಎಂಬ ಸೂಚನೆ. ಮೂರನೆಯದರಲ್ಲಿ ಯಾವುದೋ ರಸ್ತೆಯ ಟೆಂಡರು. ಸರ್ಕಾರಿ ಆಫೀಸಿನ ಮೇಜಿನಿಂದ ಮೇಜಿಗೆ ಓಡಾಡಿಸುವ ಚಾಳಿ ಕಂಪ್ಯೂಟರಿನೊಳಗೂ ಹಾಗೇ ಬಂದಿತ್ತು. ಒಂದೇ ವ್ಯತ್ಯಾಸ, ಇಲ್ಲಿ ಯಾರೂ ಗದರಿಸುತ್ತಿರಲಿಲ್ಲ.

"ನೋಂದಣಿ ಇಲಾಖಿ ಅಂತ ಒಂದೈತಿ, ಅದನ್ನ ಒತ್ತು ಬಾನಕ್ಕಾ," ಎಂದಳು ಮಂಗಲಾ, ಮೊದಲ ಸಲ ಬಾಯಿ ಬಿಟ್ಟು.

ಒತ್ತಿದರು. ಅಲ್ಲಿತ್ತು. ಜನನ, ಮರಣ, ಮದುವೆ ಎಂದು ಬೇರೆ ಬೇರೆ. ಮದುವೆಯ ಕೆಳಗೆ ಉದ್ದಕ್ಕೆ ಇಂಗ್ಲಿಷು. ಮಂಗಲಾ ಕುರ್ಚಿ ಮುಂದೆ ಎಳೆದುಕೊಂಡು, ಒಂದೊಂದೇ ಸಾಲಿಗೆ ಬೆರಳಿಟ್ಟು ಓದಿದಳು. ಸತ್ಯವ್ವ ಅವಳ ಮುಖವನ್ನು ಓದಿದಳು.

"ಏನಂತ? ಅದರಾಗ ಏನಂತ ಬರದಾರ? ಬಾಯಿ ಬಿಡಬೇ!"

"ತಡಿ ಯವ್ವಾ." ಮಂಗಲಾ ಮತ್ತೊಮ್ಮೆ ಮೇಲಿಂದ ಓದಿದಳು. "ಮದಲ ಇಬ್ಬರೂ ಹೋಗಿ ಲಗ್ನ ಆಗೂ ಇರಾದೆ ಐತಿ ಅಂತ ಬರದು ಸೈನ್ ಮಾಡೂದಂತ. ಆಮ್ಯಾಲೆ ಯಾರದಾರ ತಕರಾರು ಐತೇನು ಅಂತ ಆಫೀಸಿನವರು ನೋಟಿಸ್ ಹಚ್ಚತಾರಂತ. ಆಮ್ಯಾಲೆ ಇಬ್ಬರೂ ತಿರುಗಿ ಹೋಗಬೇಕು, ಸಾಕ್ಷಿದಾರರ ಮುಂದ ಸಾಹೇಬರು ಕೇಳತಾರಂತ, ನಿಮ್ಮ ಮನಸ್ಸಿನಿಂದನ ಆಗಾಕತ್ತೀರೇನು ಅಂತ. ಹೌದಂದ್ರ ಎರಡನೇ ಸೈನು. ಅವಾಗ ಬುಕ್ಕಿನ್ಯಾಗ ಬರೀತಾರ. ಅಲ್ಲೀತನ ಲಗ್ನ ಇಲ್ಲ."

"ಅಲ್ಲೀತನ ಏನು?"

"ಲಗ್ನ ಇಲ್ಲ."

"ಇನ್ನೊಮ್ಮೆ ಓದು."

ಓದಿದಳು. ಸತ್ಯವ್ವ ಹೊರಗೆ ಹೋಗಿ ಬಂದಳು. "ನಿನ್ನ ಇಂಗ್ಲಿಷ್ ಮ್ಯಾಲೆ ನಿನಗ ಭರೋಸಾ ಐತೇನು?"

"ಪೂರಾ ಇಲ್ಲ," ಎಂದಳು ಮಂಗಲಾ, ಪಾಪ, ಖರೆ ಹೇಳಿ. ಹಾಗಾಗಿ ಗೊತ್ತಿಲ್ಲದ ಶಬ್ದಗಳನ್ನು ಒಂದೊಂದಾಗಿ ಹುಡುಕಿ ಅರ್ಥ ನೋಡಿದರು. ಇರಾದೆ ಅಂದರೆ ಇರಾದೆಯೇ. ಮಾಡಬೇಕೆಂದಿದ್ದೇವೆ ಎಂಬುದು, ಮಾಡಿದ್ದೇವೆ ಎಂಬುದಲ್ಲ.

"ರೊಟ್ಟಿ ಮಾಡಬೇಕಂತ ಹಿಟ್ಟು ನಾದಿ ಇಟ್ಟಂಗ," ಎಂದಳು ಸತ್ಯವ್ವ ಮೆಲ್ಲಗೆ.

"ಹ್ಞೂ. ಹಂಚಿಗೆ ಇನ್ನೂ ಹಾಕಿಲ್ಲ."

ಮಗಳ ಮುಖದಲ್ಲಿ ಹದಿನೈದು ದಿನದಿಂದ ಕಾಣದ ಬಣ್ಣ ಬಂತು. ಅದನ್ನು ಕಂಡು ಸತ್ಯವ್ವನಿಗೆ ಖುಷಿಯಾಗಬೇಕಿತ್ತು. ಬದಲಿಗೆ ಮೈಯೆಲ್ಲ ಉರಿಯಿತು. ಇಷ್ಟು ದೊಡ್ಡ ಮಾತು, ಯಾರು ಬೇಕಾದರೂ ಓದಲಿ ಎಂದು ಸರ್ಕಾರವೇ ಬಯಲಿಗಿಟ್ಟ ಮಾತು, ಇಷ್ಟು ದಿನ ಯಾಕೆ ಯಾರ ಬಾಯಿಂದಲೂ ಬರಲಿಲ್ಲ? ಏಜೆಂಟ ಹೇಳಲಿಲ್ಲ, ಲಾಲಪ್ಪ ಹೇಳಲಿಲ್ಲ. ತಾನಾದರೂ ಯಾರನ್ನು ಕೇಳಿದ್ದಳು? ಬಾನು ಪ್ರಿಂಟ್ ತೆಗೆದುಕೊಟ್ಟಳು. ಶಾಯಿ ಕಡಿಮೆಯಾಗಿ ದೀಪದ ಒಂದು ಕೈ ಮೂಡಿರಲಿಲ್ಲ. ಸತ್ಯವ್ವ ಅಷ್ಟಕ್ಕೇ ಇನ್ನೊಮ್ಮೆ ತೆಗೆಸಿದಳು.

ಕಂಠೆಪ್ಪ ಸಂಜೆ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದ. "ಇದನ್ನ ಲಾಲಪ್ಪಗ ನಾ ಹೆಂಗ ಹೇಳಲಿ?"

"ನೀವು ಹೇಳಬ್ಯಾಡ್ರಿ. ಸುಮ್ಮನ ಕುಂದರ್ರಿ. ಅದೊಂದು ನಿಮಗ ಚಲೋ ಬರತೈತಿ."

ರವಿವಾರ ಬೀಗರು ಬಂದರು. ಲಾಲಪ್ಪ, ಪರಶು, ಪರಶುವಿನ ತಾಯಿ ಕಾಳಿಬಾಯಿ. ಕಾಳಿಬಾಯಿ ಹಸಿರು ಸೀರೆ, ಬಳೆ, ಹೂವು ಎಲ್ಲ ತಂದಿದ್ದಳು. ಖೋಲಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಾಗಿಲಲ್ಲಿ ಓಣಿಯ ಹೆಂಗಸರು. ಚಹಾ ಆಗುವವರೆಗೂ ಸತ್ಯವ್ವ ತುಟಿ ಪಿಟಕ್ಕೆನ್ನಲಿಲ್ಲ. ಅವಳನ್ನು ಬಲ್ಲವರಿಗೆ ಅದೇ ಹೆದರಿಕೆ. ಚಹಾದ ಕಪ್ಪು ಕೆಳಗಿಟ್ಟ ಮೇಲೆ ಲಾಲಪ್ಪ, "ಹುಡುಗೀನ ತಯಾರ ಮಾಡ್ರಿ" ಎಂದ. ಆಗ ಅವಳು ಕಾಗದವನ್ನು ಅವನ ಮುಂದೆ ಹಾಸಿದಳು.

"ಯಣ್ಣಾ, ಲಗ್ನ ಇನ್ನೂ ಆಗಿಲ್ಲ. ನಾಳಿ ಎರಡನೇ ಸೈನ್ ಆದರ ಆತು, ಇಲ್ಲಂದ್ರ ಇಲ್ಲ. ಸರಕಾರನ ಬರದೈತಿ. ನಮ್ಮ ಹುಡುಗಿ ಒಲ್ಲೆ ಅಂತಾಳ. ಕಳಸೂದಿಲ್ಲ."

ಪರಶು ಎದ್ದು ನಿಂತ. ಲಾಲಪ್ಪ ಕೈ ತೋರಿಸಿ ಅವನನ್ನು ಕೂರಿಸಿದ. ಕಾಗದವನ್ನು ಮುಟ್ಟಲಿಲ್ಲ. "ಸತ್ಯವ್ವಾ, ನಾ ಎಷ್ಟ ಮಂದೀದು ಸೈನ್ ಮಾಡಿಸೀನಿ ಗೊತ್ತೈತೇನು? ಎರಡನೇದು ಕಾಗದ ತರೂ ಸೈನು. ಕಂಪ್ಯೂಟರಿನ್ಯಾಗ ಯಾರರ ಏನರ ಬರೀತಾರ."

"ಶಿಕ್ಕಾ ನೋಡ್ರಿ ಯಣ್ಣಾ. ಮಂಗಲಾ, ಓದಿ ತೋರಸಬೇ."

ಮಂಗಲಾ ಓದಿದಳು. ಸಾಲು ಸಾಲಿಗೂ ಕನ್ನಡದಲ್ಲಿ ಅರ್ಥ ಹೇಳುತ್ತ, ಮುಗಿಯುವವರೆಗೂ ಓದಿದಳು. ಲಾಲಪ್ಪ ಮೋಸಗಾರನಲ್ಲ. ಅವನಿಗೂ ಯಾರೋ ಹೇಳಿದ್ದು, ಅವನು ನಂಬಿದ್ದು. ಅವನು ಕೂಡಿಸಿದ ಜೋಡಿಗಳಲ್ಲಿ ಎರಡನೆಯ ಸಲ ಒಲ್ಲೆ ಎಂದವರು ಯಾರೂ ಇರಲಿಲ್ಲ, ಹಾಗಾಗಿ ಆ ಸೈನಿನ ತೂಕ ಅವನಿಗೆ ತಿಳಿದಿರಲಿಲ್ಲ. ಆದರೆ ತಪ್ಪಿದೆ ಎನ್ನುವುದು ಮುಕಾದಮನ ಬಾಯಿಗೆ ಬರುವ ಮಾತಲ್ಲ.

"ಆತು. ನಾಳಿ ಆಫೀಸಿಗೇ ಬರ್ರಿ. ಸಾಹೇಬರ ಮುಂದ ನಿಂತು ಈ ಹುಡುಗಿ ಒಲ್ಲೆ ಅನ್ನಲಿ, ನಾ ಒಪ್ಪತೀನಿ. ಅನ್ನಾಕ ಆಗಲಿಲ್ಲಂದ್ರ ಅಲ್ಲಿಂದನ ಕೊರ್ತಾಲಿಮ್‌ಕ. ಏನಂತಿ ಕಂಠೆಪ್ಪಾ?"

ಎಲ್ಲರೂ ಕಂಠೆಪ್ಪನ ಕಡೆ ನೋಡಿದರು. ನಾಳೆಯ ಕೂಲಿ, ನಾಡಿದ್ದಿನ ಕೂಲಿ ಎರಡೂ ಲಾಲಪ್ಪನ ಕೈಯಲ್ಲಿದ್ದವು. ಕಂಠೆಪ್ಪ ಆರಿದ ಬೀಡಿಯನ್ನು ನೋಡುತ್ತ, "ಮಂಗಲಾ ಅಂದಂಗ" ಎಂದ. ಅಷ್ಟನ್ನು ಹೇಳಲು ಅವನಿಗೆ ಬೆವರು ಬಂತು. ಸತ್ಯವ್ವ ಗಂಡನನ್ನು ಹೊಸಬನನ್ನು ನೋಡಿದ ಹಾಗೆ ನೋಡಿದಳು.

ಸೋಮವಾರ ರೊಟ್ಟಿ ಮಾಡಲಿಲ್ಲ. ಅಮೀನಪ್ಪನೂ ಕೇಳಲಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಸತ್ಯವ್ವ ಮಗಳಿಗೆ ಹೇಳಿಕೊಟ್ಟಳು. ಹೀಗೆ ನಿಲ್ಲು, ಹೀಗೆ ನೋಡು, ಪರಶುವಿನ ಮುಖ ನೋಡಬೇಡ, ಗಟ್ಟಿಯಾಗಿ ಹೇಳು. ಮಂಗಲಾ ಕಿಟಕಿಯ ಹೊರಗೆ ನೋಡುತ್ತ ಹ್ಞೂ ಎಂದಳು, ಹ್ಞೂ ಎಂದಳು.

ಆಫೀಸಿನಲ್ಲಿ ಸಾಲಿತ್ತು. ಅವರ ಹೆಸರು ಕೂಗಿದಾಗ ಎಲ್ಲರೂ ಒಟ್ಟಿಗೇ ಒಳಗೆ ನುಗ್ಗಿದರು. ಮೇಜಿನ ಹಿಂದೆ ಕೂತ ರಜಿಸ್ಟ್ರಾರ್ ನಡುವಯಸ್ಸಿನ ಹೆಂಗಸು, ಚಸ್ಮಾ ಹಾಕಿಕೊಂಡಿದ್ದಳು. ದೊಡ್ಡ ಬುಕ್ಕು ತೆರೆದು, ಪರಶುವನ್ನು ಕೊಂಕಣಿಯಲ್ಲಿ ಕೇಳಿದಳು. ಅವನು ಜೋರಾಗಿ ಹೌದೆಂದ. ಆಮೇಲೆ ಅವಳು ಪೆನ್ನು ಕೆಳಗಿಟ್ಟು ಮಂಗಲಾಳ ಕಡೆ ತಿರುಗಿ ಅದನ್ನೇ ಕೇಳಿದಳು. ನಿನ್ನ ಮನಸ್ಸಿನಿಂದ ಈ ಮದುವೆಗೆ ಒಪ್ಪಿದ್ದೀಯಾ?

ಮಂಗಲಾ ಬಾಯಿ ತೆರೆದಳು.  ಅವಳು ಮೆಲ್ಲಗೆ ತಲೆ ತಿರುಗಿಸಿ ತಾಯಿಯ ಮುಖ ನೋಡಿದಳು.

 ಈ ನೋಟವನ್ನು ಸತ್ಯವ್ವ ಬಲ್ಲಳು. ಮೊದಲ ಸೈನಿನ ದಿನವೂ ಇದೇ ಮೇಜು, ಇದೇ ಹೆಂಗಸು, ಇದೇ ಪ್ರಶ್ನೆ. ಅಂದೂ ಹುಡುಗಿ ಹೀಗೇ ತಿರುಗಿ ನೋಡಿದ್ದಳು, ಮತ್ತು ಸತ್ಯವ್ವ ಹೊರಗೆ ಕಾಯುತ್ತಿದ್ದ ಪೇಡೆಯ ಡಬ್ಬಿ ನೆನೆಯುತ್ತ ಅವಸರದಲ್ಲಿ ಗೋಣು ಹಾಕಿದ್ದಳು. ಹುಡುಗಿ ಹೌದೆಂದಿದ್ದಳು. ಈಗಲೂ ಗೋಣು ಸಾಕು. ಅಡ್ಡಕ್ಕೆ ಒಂದು ಸಲ ಅಲ್ಲಾಡಿಸಿದರೆ ಮಗಳು ಒಲ್ಲೆ ಎನ್ನುತ್ತಾಳೆ, ಕೆಲಸ ಮುಗಿಯುತ್ತದೆ. ಗೋಣು ತಾನಾಗಿಯೇ ಅಲ್ಲಾಡಲು ಹೊರಟಿತ್ತು. ಸತ್ಯವ್ವ ಅದನ್ನು ಹಿಡಿದಳು. ಒಳಗೆ ನಿಂತರೆ ತನ್ನ ಗೋಣನ್ನು ತಾನೇ ನಂಬಲಾರಳೆಂದು ತಿಳಿದು, ತಿರುಗಿ, ಲಾಲಪ್ಪನನ್ನು ದಾಟಿ, ಬಾಗಿಲಿನಿಂದ ಹೊರಗೆ ನಡೆದುಬಿಟ್ಟಳು.

ವರಾಂಡದಲ್ಲಿ ಬೇರೆ ಬೇರೆ ಜೋಡಿಗಳು ಕಾಯುತ್ತಿದ್ದವು. ಒಬ್ಬ ಮದುಮಗಳು ಲಿಪ್‌ಸ್ಟಿಕ್ ಸರಿ ಮಾಡಿಕೊಳ್ಳುತ್ತಿದ್ದಳು. ದಾಬೋಳಿ ವಿಮಾನ ನಿಲ್ದಾಣದಿಂದ ಎದ್ದ ವಿಮಾನವೊಂದು ನೆತ್ತಿಯ ಮೇಲೆ ಹಾದುಹೋಯಿತು. ಆ ಸದ್ದಿನಲ್ಲಿ ಒಳಗಿನ ಒಂದು ಮಾತೂ ಕೇಳಲಿಲ್ಲ. ಸತ್ಯವ್ವ ಗೋಡೆಯವರೆಗೆ ಹೋದಳು, ಬಾಗಿಲವರೆಗೆ ಬಂದಳು, ಒಳಗೆ ಇಣುಕಬಾರದೆಂದು ಮತ್ತೆ ಗೋಡೆಗೆ ಹೋದಳು. ಹುಡುಗಿ ಹೆದರಿ ಹೌದೆಂದರೆ? ಎಂಥ ಹುಚ್ಚುತನ ಮಾಡಿದೆ ನಾನು, ಮಗಳ ಬೆನ್ನಿಗೆ ನಿಲ್ಲದೆ ಗೋಡೆಯ ಹತ್ತಿರ ಬಂದು ನಿಂತೆನಲ್ಲ! ತನ್ನ ಮದುವೆಯಲ್ಲಿ ತನಗೆ ಯಾರೂ ಒಂದು ಸಲವೂ ಕೇಳಿರಲಿಲ್ಲ. ಇಲ್ಲಿ ಎರಡು ಸಲ ಕೇಳುತ್ತಾರೆ. ಕೇಳಿದ್ದು ಯಾರನ್ನೋ ಅವರೇ ಹೇಳಲಿ. ಹೀಗೆ ತನಗೆ ತಾನೇ ಹೇಳಿಕೊಂಡಳು. ಆದರೂ ಕಣ್ಣಲ್ಲಿ ನೀರು ಬಂತು.

ಮೊದಲು ಹೊರಬಂದವಳು ಕಾಳಿಬಾಯಿ. ಸತ್ಯವ್ವನನ್ನು ಮೇಲಿನಿಂದ ಕೆಳಗೆ ನೋಡಿ, "ನಿನ್ನ ಮಗಳು ಕೊಂಕಣೀಲೆ 'ಮ್ಹಾಕಾ ನಾಕಾ' ಅಂದಳು ನೋಡು. ಒಲ್ಲೆ ಅನ್ನಾಕ ಕನ್ನಡ ಸಾಲಲಿಲ್ಲ ಆಕಿಗೆ," ಎಂದು ಬಳೆಯ ಪೊಟ್ಟಣ ಎದೆಗವಚಿಕೊಂಡು ಹೋದಳು. ಪರಶು ಯಾರನ್ನೂ ನೋಡದೆ, ಬಾಗಿಲನ್ನು ಕಾಲಿಂದ ಒದ್ದು, ಮೆಟ್ಟಿಲಿಳಿದ. ಲಾಲಪ್ಪ ಕಂಠೆಪ್ಪನ ಹೆಗಲ ಮೇಲೆ ಕೈಯಿಟ್ಟುಕೊಂಡೇ ಹೊರಗೆ ಬಂದು, ಸ್ನೇಹದ ದನಿಯಲ್ಲಿ, ನಾಳೆಯಿಂದ ಬೇರೆ ಗ್ಯಾಂಗು ನೋಡಿಕೋ ಎಂದ. ಕಂಠೆಪ್ಪ "ಆತ್ರಿ ಯಣ್ಣಾ" ಎಂದ.

ಕಡೆಗೆ ಮಂಗಲಾ ಬಂದಳು. ಮುಖ ಬಿಳುಚಿತ್ತು. ತಾಯಿಯನ್ನು ಕಂಡದ್ದೇ ಸಿಟ್ಟು ಬಂತು ಅವಳಿಗೆ.

"ಎಲ್ಲಿ ಹೋಗಿದ್ದಿ? ನಾ ನಿನ್ನ ಕಡೆ ನೋಡತೀನಿ, ನೀ ಬಾಗಿಲಾ ದಾಟಿ ಹೊಂಟಿದ್ದಿ. ಜೀವ ಹೋಗಿತ್ತು ನಂದು. ಹಿಂಗ್ಯಾಕ ಬಿಟ್ಟು ಬಂದಿ?"

ಸತ್ಯವ್ವ ಸೆರಗಿನಿಂದ ಮೊದಲು ಮಗಳ ಮುಖ ಒರೆಸಿದಳು, ಆಮೇಲೆ ತನ್ನದು.

"ಹೋದ ಸರ್ತಿ ನೀ ನೋಡಿದಾಗ ನಾ ಗೋಣು ಹಾಕಿದ್ದೆ," ಎಂದಳು. "ಆ ಸೈನ್ ನಿಂದಲ್ಲವ್ವಾ, ನಂದಿತ್ತು."